ಇರಾಳ ದನಿ

ಶ್ರೀವಾಣಿ ಹೈದರಾಬಾದಿನಲ್ಲಿ ಡಬ್ಬಿಂಗ್ ಕಲಾವಿದೆ. ಸೀರಿಯಲ್ಲಿನ ನಾದಿನಿ, ಆಸ್ಪತ್ರೆಯ ನರ್ಸು, ಸಂತೆಯ ಗುಂಪಿನಲ್ಲಿ ಕೂಗುವ ಹೆಂಗಸು, ಇಂಥವರಿಗೆಲ್ಲ ಅವಳೇ ಬಾಯಿ. ಆಂಧ್ರದ ಗಡಿಯ ಆದೋನಿಯಲ್ಲಿ ಹುಟ್ಟಿ, ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತೆಲುಗು ಆಡುತ್ತ ಬೆಳೆದವಳು. ಮೊದಮೊದಲು ಸ್ಟುಡಿಯೋದವರು ಅವಳ ತೆಲುಗಿನಲ್ಲಿ ಆದೋನಿ ಸೀಮೆಯ ವಾಸನೆ ಹೊಡೆಯುತ್ತದೆಂದು ನಕ್ಕಿದ್ದರು. ಆ ವಾಸನೆ ನಾಲಿಗೆಯಿಂದ ಬಿಡಲು ವರ್ಷಗಳೇ ಹಿಡಿದವು.

ಕಡೆಗೊಂದು ದಿನ ದೊಡ್ಡ ಪಾತ್ರ ಸಿಕ್ಕಿತು. ಪರದೇಶದ ಕಾರ್ಟೂನು ಸಿನಿಮಾ. ಆಕಾಶದಲ್ಲಿ ತೇಲುವ ದ್ವೀಪದ ಹುಡುಗಿ ಇರಾ, ರೆಕ್ಕೆಯ ಆಮೆಯ ಮೇಲೆ ಕೂತು ತಮ್ಮನನ್ನು ಹುಡುಕಿಕೊಂಡು ಮಾಂತ್ರಿಕನ ಸಮುದ್ರಕ್ಕೆ ಹೋಗುವ ಕಥೆ. ಇರಾಳ ತೆಲುಗು ಮಾತೆಲ್ಲ ಶ್ರೀವಾಣಿಯದು. ಮುಗಿಸಿದ ದಿನವೇ ಮನೆಗೆ ಫೋನು ಮಾಡಿ ಹೇಳಿದಳು. ತಾಯಿ ಕಾವೇರಿಬಾಯಿ ಓಣಿಗೆಲ್ಲ ಹೇಳಿದರು. ಎದುರು ಮನೆಯ ಹತ್ತಿ ವ್ಯಾಪಾರಿಯ ಹೆಂಡತಿ ಗುರುಶಾಂತಮ್ಮ, ಶ್ರೀವಾಣಿಯನ್ನು ಎತ್ತಿ ಆಡಿಸಿದವರು, ಭಾನುವಾರದ ಬೆಳಗಿನ ಆಟಕ್ಕೆ ಓಣಿಯ ಹೆಂಗಸರಿಗೆಲ್ಲ ತಾವೇ ಟಿಕೆಟ್ ತೆಗೆಸಿದರು. ಶ್ರೀವಾಣಿ ಅದಕ್ಕೆಂದೇ ಊರಿಗೆ ಬಂದಳು.

ಯಾರೂ ಎಣಿಸದ ಸಂಗತಿಯೆಂದರೆ ಅವಳ ತಂದೆ ವಿಷ್ಣುತೀರ್ಥಾಚಾರ್ಯರೂ ಹೊರಟಿದ್ದು. ಪೌರೋಹಿತ್ಯದ ಮನುಷ್ಯ, ಟಾಕೀಸಿನ ಮೆಟ್ಟಿಲು ಹತ್ತಿದವರಲ್ಲ. ಮಗಳದು ಆಟದವರ ಕಸುಬು ಎಂದು ಯಾರ ಮುಂದೆಯೂ ಅದರ ಮಾತೆತ್ತುತ್ತಿರಲಿಲ್ಲ. ಈಗ ಹಣೆಗೆ ಅಂಗಾರ ಅಕ್ಷತೆ ಇಟ್ಟುಕೊಂಡು, ಶಲ್ಯ ಹೊದ್ದು, ಮಗಳ ಪಕ್ಕದ ಸೀಟಿನಲ್ಲಿ ಉಪನ್ಯಾಸಕ್ಕೆ ಬಂದವರಂತೆ ನೆಟ್ಟಗೆ ಕೂತರು.

ಪರದೆಯ ಮೇಲೆ ಮೋಡ ಸರಿದು ಇರಾ ಬಾಯಿ ತೆರೆದಳು. ಟಾಕೀಸಿನಲ್ಲಿ ಸಿಳ್ಳೆ ಎದ್ದಿತು.

ದನಿ ಶ್ರೀವಾಣಿಯದಲ್ಲ. ಅದು ಊರೂರಿನ ಗೋಡೆಗಳ ಮೇಲೆ ನಗುತ್ತಿದ್ದ ಒಬ್ಬ ಹೀರೋಯಿನ್ನಿನದು. ಉತ್ತರದ ಹುಡುಗಿ, ತೆಲುಗು ಬಾರದವಳು. ‘ಳ’ ಎನ್ನಬೇಕಾದಲ್ಲೆಲ್ಲ ‘ಲ’ ಅನ್ನುತ್ತಿದ್ದಳು. ಜನ ಅದಕ್ಕೂ ಮುದ್ದಾಗಿ ನಕ್ಕರು. ಶ್ರೀವಾಣಿ ಯಾವ ತಪ್ಪಿಗಾಗಿ ವರ್ಷಗಟ್ಟಲೆ ಬೈಸಿಕೊಂಡಿದ್ದಳೋ ಅದರ ಹತ್ತರಷ್ಟನ್ನು ಈಕೆ ಎಲ್ಲರೆದುರು ಮಾಡಿ ಸಿಳ್ಳೆ ಗಿಟ್ಟಿಸುತ್ತಿದ್ದಳು.

ಗುರುಶಾಂತಮ್ಮ ಬಗ್ಗಿ ಅವಳ ಮೊಣಕಾಲು ತಟ್ಟಿದರು. "ಏನು ಛಲೋ ಮಾತಾಡೀಯವ್ವ. ನಿನ್ನ ದನಿ ಅಂತ ಗುರ್ತೇ ಸಿಗವಲ್ದು."

ಕಾವೇರಿಬಾಯಿ ಕತ್ತಲಲ್ಲೇ ಹಿಗ್ಗಿ ಸೆರಗು ಸರಿಮಾಡಿಕೊಂಡರು. ಶ್ರೀವಾಣಿ ಪರದೆಯ ಕಡೆ ಮುಖ ತಿರುಗಿಸಿದಳು.

ಸಿನಿಮಾ ಸಾಗಿತು. ಸಮುದ್ರದ ತಳದಲ್ಲಿ ಇರಾ ತಮ್ಮನನ್ನು ಕಂಡಳು. ಕೈ ಚಾಚುವಷ್ಟರಲ್ಲಿ ಮಾಂತ್ರಿಕ ಹುಡುಗನನ್ನು ಕಲ್ಲು ಮಾಡಿಬಿಟ್ಟ. ಇರಾ ಚೀರಿ, ಆ ಕಲ್ಲನ್ನು ತಬ್ಬಿ, ಉಸಿರು ಸಿಕ್ಕಿಕೊಳ್ಳುವ ಹಾಗೆ ಅತ್ತಳು. ಶ್ರೀವಾಣಿ ಸೀಟಿನ ಕೈ ಗಟ್ಟಿಯಾಗಿ ಹಿಡಿದಳು. ಆ ಅಳು ಅವಳದು. ಬಿಕ್ಕು, ಗಂಟಲು ಹರಿದ ಕೂಗು, ನಡುವೆ ಮೂಗಿನಿಂದ ಎಳೆದುಕೊಂಡ ಗಾಳಿ ಕೂಡ ಅವಳದೇ. ಅಳು ನಿಂತೊಡನೆ ಮತ್ತೆ ಹೀರೋಯಿನ್ನಿನ ದನಿ ಬಂದು ಸೇಡಿನ ಮಾತಾಡಿತು. ಅಳುವವಳು ಒಬ್ಬಳು, ಆಡುವವಳು ಇನ್ನೊಬ್ಬಳು. ಯಾರಿಗೂ ವ್ಯತ್ಯಾಸ ಕಾಣಲಿಲ್ಲ. ಆಚಾರ್ಯರು ಮಾತ್ರ ತಿರುಗಿ ಮಗಳ ಮುಖ ನೋಡಿದರು.

ಇಂಟರ್ವಲ್ಲಿನಲ್ಲಿ ಹಿಂದಿನ ಸಾಲಿನ ಕಾಲೇಜು ಹುಡುಗಿಯರು ಆ ಹೀರೋಯಿನ್ನಿನ ಹೆಸರು ಹೇಳಿ, ಇಡೀ ಸಿನಿಮಾ ಆಕೆಯೇ ಮಾತಾಡಿದ್ದಂತೆ, ಇವತ್ತಿನ ಪೇಪರಿನಲ್ಲೇ ಹಾಕಿದ್ದಾರೆ ಎಂದು ಹರಟತೊಡಗಿದರು. ಓಣಿಯ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಶ್ರೀವಾಣಿ ಹೊರಗೆ ಬಂದು, ತನ್ನನ್ನು ಕೆಲಸಕ್ಕೆ ಕರೆದಿದ್ದ ಭರತ್‌ಗೆ ಫೋನು ಮಾಡಿದಳು. ಅವನಿಗೆ ಅದೊಂದು ವಿಷಯವೇ ಅಲ್ಲ. ಕೊನೆಯ ಗಳಿಗೆಯಲ್ಲಿ ಕಂಪನಿಯವರಿಗೆ ಹೆಸರಿದ್ದವಳು ಬೇಕಾದಳಂತೆ, ಹೇಳಲು ಮರೆತನಂತೆ. "ಏಡುಪುಲು, ಅರುಪುಲು ಅನ್ನೀ ಮೀವೇ ಕದಾ ಮೇಡಂ" ಎಂದ. ಅಳುವುದು, ಕಿರುಚುವುದು ಎಲ್ಲ ಅವಳದೇ ಉಳಿಸಿದ್ದಾರಲ್ಲ, ಮತ್ತೇನು? ಆ ಹೀರೋಯಿನ್ನಿಗೆ ಕಿರುಚಿದರೆ ಗಂಟಲು ನೋಯುತ್ತದಂತೆ.

ಒಳಗೆ ಬಂದಾಗ ಗುರುಶಾಂತಮ್ಮ ಅವಳ ಬೆನ್ನು ಸವರಿ, ಹೋಗಲಿ ಬಿಡು, ಮುಂದಿನ ಸಲ ಆದೀತು ಎಂದರು. ಆ ಕರುಣೆಗಿಂತ ಬೈಗುಳವೇ ಮೇಲೆನಿಸಿತು. ಕಾವೇರಿಬಾಯಿ ಹಲ್ಲು ಕಚ್ಚಿ ಮೆಲ್ಲಗೆ ಅಂದರು. "ಮಂದಿಗೆ ಹೇಳೂಕಿಂತ ಮೊದಲು ಖಾತ್ರಿ ಮಾಡಿಕೋಬೇಕಿತ್ತಲಾ. ನಾಳೆ ಕಟ್ಟೀ ಮ್ಯಾಲೆ ಹೆಂಗ ಕೂಡ್ಲಿ ನಾನು?" ತಲೆನೋವೆಂದು ಹೇಳಿ ಎದ್ದು ಹೊರಟರು. ಗುರುಶಾಂತಮ್ಮ ಅವರನ್ನು ತಮ್ಮ ಕಾರಿನಲ್ಲಿ ಕರೆದುಕೊಂಡು ಹೋದರು. ಅವರ ಹಿಂದೆ ಉಳಿದವರೂ ಒಬ್ಬೊಬ್ಬರೇ ಕರಗಿದರು.

ಆಚಾರ್ಯರು ಏಳಲಿಲ್ಲ. ಇರಾ ಎಡವಿ ಬಿದ್ದಾಗ, ಅಲೆಗೆ ಸಿಕ್ಕಾಗ, ಉಸಿರುಗಟ್ಟಿದಾಗ ಕಿವಿ ಮುಂದೆ ಮಾಡಿ ಕೇಳಿದರು. ಸಿನಿಮಾ ಮುಗಿದು ಇಂಗ್ಲಿಷಿನಲ್ಲಿ ಹೆಸರುಗಳು ಮೇಲೇರತೊಡಗಿದಾಗಲೂ ಕೂತೇ ಇದ್ದರು, ಕಣ್ಣು ಕಿರಿದು ಮಾಡಿ ಒಂದೊಂದನ್ನೇ ಓದುತ್ತ. ನಡುವೆಯೇ ಯಾರೋ ಪ್ರೊಜೆಕ್ಟರ್ ಆರಿಸಿದರು. ಲೈಟು ಹತ್ತಿದವು. ಕಸ ಗುಡಿಸುವವರು ಒಳಗೆ ಬಂದರು.

"ಇನ್ನೂ ಹೆಸರು ಬರೂವು ಇದ್ದವು" ಎಂದರು ಆಚಾರ್ಯರು.

"ನಂದು ಇರಂಗಿಲ್ಲಪ್ಪ. ಏಳು."

ಇಬ್ಬರೂ ಬಿಸಿಲಲ್ಲಿ ಮನೆಯ ಕಡೆ ನಡೆದರು. ಮಾರ್ಕೆಟ್ ದಾಟಿದ ಮೇಲೆ ಆಚಾರ್ಯರು ಕೇಳಿದರು.

"ಆ ಅಳೂದು ನಿಂದಲಾ?"

"ಹೂಂ."

"ಮನ್ಯಾಗ ಎಂದೂ ಹಂಗ ಅತ್ತಿದ್ದಿಲ್ಲ ನೀನು. ಯಾರನ್ನ ನೆನಸಿಕೊಂಡು ಅತ್ತಿ?"

ಶ್ರೀವಾಣಿ ನೆನೆದಿದ್ದು ತಾನು ಮನೆ ಬಿಟ್ಟ ಬೆಳಗನ್ನು. ಬ್ಯಾಗು ಹಿಡಿದು ನಮಸ್ಕಾರಕ್ಕೆಂದು ದೇವರಮನೆಯ ಹೊಸ್ತಿಲಾಚೆ ನಿಂತಿದ್ದಳು. ಒಳಗೆ ತಂದೆ ಗಂಟೆ ಬಾರಿಸುತ್ತಲೇ ಇದ್ದರು, ತಿರುಗಿ ನೋಡಿರಲಿಲ್ಲ. ಬಸ್ಸಿಗೆ ಹೊತ್ತಾಯಿತೆಂದು ಹಾಗೆಯೇ ಹೊರಟಿದ್ದಳು. ಮೈಕಿನ ಮುಂದೆ, ಕಲ್ಲಾದ ತಮ್ಮನನ್ನು ಕಂಡು ಅಳಬೇಕೆಂದಾಗ ಆ ಬೆನ್ನು ಕಣ್ಣ ಮುಂದೆ ಬಂದಿತ್ತು.

"ಯಾರನ್ನೂ ಇಲ್ಲ. ಹಂಗ ಅಳಬೇಕು ಅಂತ ಹೇಳ್ತಾರ. ಕೆಲಸ ಅದು" ಎಂದಳು.

ಆಚಾರ್ಯರು ತಲೆಯಾಡಿಸಿದರು. "ಅಳಲಿಕ್ಕೆ ಅಷ್ಟು ದೂರ ಹೋಗಬೇಕಿತ್ತೇನು" ಎಂದರು. ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ನಿಜವಾಗಿಯೂ ತಿಳಿಯದೆ ಕೇಳಿದಂತಿತ್ತು. ಅದೇ ಅವಳಿಗೆ ಹೆಚ್ಚು ಚುಚ್ಚಿತು. ಅವರಿಗಿಂತ ಮುಂದೆ ಮುಂದೆ ನಡೆದುಬಿಟ್ಟಳು. ಮರುದಿನ ಅಡಿಗೆಮನೆಯಲ್ಲಿದ್ದ ತಾಯಿಗೆ ಬಾಗಿಲಲ್ಲೇ ನಿಂತು ಹೇಳಿ ಬಸ್ಸು ಹತ್ತಿದಳು.

ಬೇಸಿಗೆಯ ಹೊತ್ತಿಗೆ ಆ ಸಿನಿಮಾದ ಎರಡನೇ ಭಾಗ ಡಬ್ಬಿಂಗಿಗೆ ಬಂತು. ಭರತ್ ಫೋನು ಮಾಡಿ, ಅವಳ ಅಳು ಎಲ್ಲರಿಗೂ ಹಿಡಿಸಿದೆ, ಈ ಸಲ ಅಳುವುದಿಷ್ಟೇ ಬೇಕು, ಮಾತಿನ ಗೊಡವೆಯಿಲ್ಲ ಎಂದ. ಒಂದಾದರೂ ಮಾತು ಕೊಡಿಸಲಾಗದೇ ಎಂದು ಕೇಳಿದಳು. ಅವನು ನಕ್ಕ. ಶ್ರೀವಾಣಿ, ಎಷ್ಟು ಗಂಟೆಗೆ ಬರಬೇಕು ಎಂದು ಕೇಳಿದಳು.