ಸದ್ದಿಲ್ಲದ ಚಪ್ಪಾಳೆ

ಚಿಕ್ಕಮ್ಮ ಮೈಕಿನ ವಯರನ್ನು ಗೋಡೆಯಿಂದ ಕಿತ್ತಾಗ ಅಧ್ಯಕ್ಷರು ಇನ್ನೂ "ಹಲೋ, ಹಲೋ" ಅನ್ನುತ್ತಿದ್ದರು.

"ಏನಮ್ಮಾ ಇದು? ಟೈಲರಮ್ಮ ನಮ್ಮ ಸಂಸ್ಥೆ ಕಟ್ಟಿದವರು. ಎರಡು ಮಾತು ಆಡೋದು ಬೇಡವಾ?"

"ಆಡಿ ಸಾರ್, ಮೈಕ್ ಬೇಡ. ಅಕ್ಕ ಕೇಳಿಕೊಂಡಿದ್ದು ಒಂದೇ. ನನ್ನ ಹೆಣದ ಗಾಡಿ ಹೊರಡೋವರೆಗೂ ದೊರೆ ನನ್ನ ಪಕ್ಕದಲ್ಲಿರಲಿ, ಅವನಿಗಾಗದ ಸದ್ದು ಮಾಡಬೇಡಿ ಅಂದಿದ್ಲು. ಮಾತು ಕೊಟ್ಟಿದ್ದೀನಿ."

"ಆಟಿಸಂ ಬಗ್ಗೆ ನಮಗೇ ಪಾಠನಾ?" ಎಂದು ಅಧ್ಯಕ್ಷರು ನಕ್ಕರು. ಎದುರಿಗೆ ಹೆಣವಿದೆಯೆಂದು ನೆನಪಾಗಿ ಕೆಮ್ಮಿದರು.

ದೊರೆ ಎಂದರೆ ಟೈಲರಮ್ಮನ ಮಗ; ಚಿಕ್ಕಮ್ಮ ಅವಳ ತಂಗಿ. ದೊರೆಗೆ ಮೂವತ್ತು ದಾಟಿದೆ, ಮಾತಿಲ್ಲ. ಸಂಸ್ಥೆಯ ಸಭಾಂಗಣದಲ್ಲಿ ಅಮ್ಮನ ತೆರೆದ ಶವಪೆಟ್ಟಿಗೆಯ ಪಕ್ಕ ಕುರ್ಚಿ ಹಾಕಿಕೊಂಡು, ಅವಳಿಗೆ ಹೊದಿಸಿದ ಬಟ್ಟೆಯ ಹೊಲಿಗೆಯ ಮೇಲೆ ಬೆರಳಾಡಿಸುತ್ತ ಬೆಳಗಿನಿಂದ ಕೂತಿದ್ದ. ಅವನಿಂದ ಯಾರಿಗೂ ತೊಂದರೆಯಿರಲಿಲ್ಲ. ಬಂದವರೇ ಅವನ ತಲೆ ಸವರಿ ಸವರಿ ಗೋಳುಹೊಯ್ದುಕೊಳ್ಳುತ್ತಿದ್ದರು.

"ಪಾಪ, ಅಮ್ಮ ಹೋಗಿದ್ದು ಇದಕ್ಕೆ ಗೊತ್ತಾಗುತ್ತಾ?" ಎಂದಳು ಪಕ್ಕದ ಮನೆಯಾಕೆ, ಅವನೆದುರಿಗೇ.

"ಇದಕ್ಕೆ ಅಲ್ಲ, ಇವನಿಗೆ," ಎಂದಳು ಚಿಕ್ಕಮ್ಮ.

ಹಿಂದಿನ ಗೋಡೆಯಲ್ಲಿ ಸಂಸ್ಥೆಯ ಪೋಸ್ಟರು. ಕಿಟಕಿ ಗಾಜಿನ ಹಿಂದೆ ಅಳುತ್ತಿರುವ ಪುಟ್ಟ ದೊರೆ. ಕೆಳಗೆ: "ಬೀಗ ಬಿದ್ದ ಮನಸ್ಸು. ಕೀಲಿ ನಿಮ್ಮ ಕೈಯಲ್ಲಿದೆ."

*

ಸಂಸ್ಥೆ ಹುಟ್ಟಿದ್ದು ಟೈಲರಮ್ಮನ ಅಂಗಡಿಯ ಹಿಂದಿನ ಕೋಣೆಯಲ್ಲಿ. ಆಟಿಸಂ ಇರುವ ಮಕ್ಕಳ ನಾಲ್ಕು ಜನ ತಾಯಂದಿರು, ಒಂದು ಬೆಂಚು. ಯಾವುದಾದರೂ ಮಗು ತಾನೇ ಅಂಗಿಯ ಗುಂಡಿ ಹಾಕಿಕೊಂಡರೆ ಎಲ್ಲರಿಗೂ ಚಪ್ಪಾಳೆ ತಟ್ಟುವಾಸೆ. ತಟ್ಟಿದರೋ, ಮಕ್ಕಳು ಕಿವಿ ಮುಚ್ಚಿಕೊಂಡು ಬೆಂಚಿನಡಿ ಸೇರುತ್ತಿದ್ದರು. ಟೈಲರಮ್ಮ ಉಪಾಯ ಕಂಡುಹಿಡಿದಳು: ಎರಡೂ ಕೈ ಮೇಲೆತ್ತಿ, ಬೆರಳು ಬಿಡಿಸಿ ಅಲ್ಲಾಡಿಸುವುದು. ಸದ್ದಿಲ್ಲದ ಚಪ್ಪಾಳೆ. ದೊರೆ ಅದನ್ನು ಅಮ್ಮನಿಗೆ ಮಾತ್ರ ಕೊಡುತ್ತಿದ್ದ. ದಿನವೂ ಸಂಜೆ, ಅವಳು ಕೆಲಸ ಮುಗಿಸಿ ಮಿಷನ್ನಿಗೆ ಮುಸುಕು ಹಾಕಿದಾಗ.

ಆಮೇಲೆ ಅಧ್ಯಕ್ಷರು ಬಂದರು, ಸಭಾಂಗಣ ಬಂತು, ವ್ಯಾನು ಬಂತು, ಪೋಸ್ಟರು ಬಂತು.

"ಅವತ್ತು ಅವನು ಅತ್ತಿದ್ದು ಹೊಸ ಬೂಟು ಕಚ್ಚಿತು ಅಂತ ಸಾರ್," ಎಂದಿದ್ದಳು ಟೈಲರಮ್ಮ. "ಬೂಟು ಬಿಚ್ಚಿದ್ಮೇಲೆ ನಕ್ಕ. ಆ ಫೋಟೋನೂ ಇದೆ, ಅದನ್ನ ಹಾಕಿ."

"ನಗೋ ಮಗು ನೋಡಿ ಯಾರಮ್ಮಾ ಕೈ ಬಿಚ್ಚುತ್ತಾರೆ?"

ಬಸ್ ನಿಲ್ದಾಣಗಳಲ್ಲೆಲ್ಲ ಅಳುವ ದೊರೆಯೇ ಅಂಟಿಕೊಂಡ. ಅಳತೆ ಕೊಡಲು ಬಂದವರು ಅವನನ್ನು ಕಂಡು ತಮ್ಮ ಮಕ್ಕಳನ್ನು ಹಿಂದಕ್ಕೆಳೆದುಕೊಳ್ಳತೊಡಗಿದರು. "ನನ್ನ ಮಗನಿಗೆ 'ಪಾಪ' ಅಂತ ಹೆಸರಿಟ್ಟುಬಿಟ್ರು ಕಣೇ," ಎಂದು ಅವಳು ತಂಗಿಯೆದುರು ಅತ್ತಿದ್ದಳು. ಪೋಸ್ಟರು ತೆಗೆಯಿರೆಂದು ಸಾಯುವವರೆಗೂ ಕೇಳಿದಳು. ಕೇಳಿದಾಗಲೆಲ್ಲ ಅದು ಇನ್ನಷ್ಟು ದೊಡ್ಡದಾಗಿ ಅಚ್ಚಾಯಿತು.

*

ಅಧ್ಯಕ್ಷರು ಆಳೆತ್ತರದ ಹೂವಿನ ಚಕ್ರ ಇಟ್ಟರು. ಊರು ಉಪಕಾರ ಅರಿಯದು, ಹೆಣ ಶೃಂಗಾರ ಅರಿಯದು. ಆಮೇಲೆ ಮೈಕಿಲ್ಲದೆಯೇ ಮಾತಾಡಿದರು.

"ಇಂಥ ಮಗುವಿಗಾಗಿ ಬದುಕನ್ನೇ ಸುಟ್ಟುಕೊಂಡ ತ್ಯಾಗಮಯಿ..."

ದನಿ ಏರಿಸಿ ನಿಲ್ಲಿಸಿದರು. ವೇದಿಕೆಯ ಅಭ್ಯಾಸ. ಸಂಸ್ಥೆಯ ಟೀ-ಶರ್ಟು ತೊಟ್ಟ ಕಾರ್ಯಕರ್ತರು ಅದೇ ಅಭ್ಯಾಸಬಲದಿಂದ ಚಪ್ಪಾಳೆ ತಟ್ಟಿದರು. ಶಾಲೆ ಶಾಲೆಗೂ ಹೋಗಿ ಸದ್ದಿಲ್ಲದ ಚಪ್ಪಾಳೆ ಕಲಿಸುವವರು ಇವರೇ. ಇಡೀ ಸಭಾಂಗಣವೇ ಜೊತೆಗೂಡಿ ತಟ್ಟಿತು.

ದೊರೆ ಕಿವಿ ಮುಚ್ಚಿಕೊಂಡು ನೆಲಕ್ಕುರುಳಿದ. ಇಬ್ಬರು ಅವನ ತೋಳು ಹಿಡಿದರು.

"ಬಿಡ್ರಪ್ಪಾ ಅವನನ್ನ," ಎಂದು ಚಿಕ್ಕಮ್ಮ ಜನರ ನಡುವಿನಿಂದ ಕೂಗಿದಳು. "ನೀವು ಸುಮ್ಮನಾಗಿ, ಅವನೂ ಸುಮ್ಮನಾಗ್ತಾನೆ."

"ಶಾಂತವಾದ ಜಾಗಕ್ಕೆ ಕರ್ಕೊಂಡು ಹೋಗ್ತೀವಿ ಮೇಡಂ. ಇದು ನಮ್ಮ ಪದ್ಧತಿ."

ಅವನನ್ನು ಹೊರಗೆ ವ್ಯಾನಿನಲ್ಲಿ ಕೂರಿಸಿ ಬೀಗ ಹಾಕಿದರು. ಚಿಕ್ಕಮ್ಮ ಅಲ್ಲಿಗೆ ಓಡಿ ಬರುವಷ್ಟರಲ್ಲಿ ಪೆಟ್ಟಿಗೆ ಗಾಡಿಗೇರಿತ್ತು. ಕೀಲಿ ಯಾರ ಜೇಬಿನಲ್ಲಿದೆಯೆಂದು ಒಬ್ಬರಿಗೂ ತಿಳಿಯಲಿಲ್ಲ. ಅಕ್ಕ ಕೇಳಿದ್ದು ಒಂದೇ, ಅದೊಂದೂ ಆಗಲಿಲ್ಲವಲ್ಲ ಎಂದು ಅವಳು ವ್ಯಾನಿಗೆ ಕೈಯೂರಿ ನಿಂತು ಅತ್ತಳು.

ಗಾಡಿ ನಿಧಾನವಾಗಿ ವ್ಯಾನನ್ನು ದಾಟಿತು. ಗಾಜಿನ ಹಿಂದೆ ದೊರೆ ಕಿವಿಯಿಂದ ಕೈ ತೆಗೆದ. ಎರಡನ್ನೂ ಮೇಲೆತ್ತಿ, ಬೆರಳು ಬಿಡಿಸಿ, ಅಲ್ಲಾಡಿಸಿದ.

"ಟಾಟಾ ಮಾಡ್ತಿದ್ದಾನೆ ನೋಡಿ, ಪಾಪ," ಎಂದು ಅಧ್ಯಕ್ಷರು ಕಣ್ಣೊರೆಸಿಕೊಂಡರು. "ಅದನ್ನ ಫೋಟೋ ತೆಗೀರಿ, ಅದನ್ನ."

ಫೋಟೋದವನು ಓಡಿಬಂದು ಗಾಜನ್ನು ಬೆರಳಿನಿಂದ ಬಡಿದ. "ಇಲ್ಲಿ ನೋಡು ರಾಜಾ. ಇನ್ನೊಂದ್ಸಲ ಟಾಟಾ ಮಾಡು."

ದೊರೆ ಅವನತ್ತ ನೋಡಲಿಲ್ಲ. ಗಾಡಿ ತಿರುವಿನಲ್ಲಿ ಮರೆಯಾದ ಮೇಲೂ ಅವನ ಕೈ ಇಳಿಯಲಿಲ್ಲ.