ಪಂಚಮಿ ಫೋನು, ರವಿವಾರದ ಕರಾಟೆ

ನಾಕು ತಿಂಗಳಿಂದ ನಮ್ಮ ಮನ್ಯಾಗ ಮೂಕಿ ಸಿನೆಮಾ ನಡದಿತ್ತು. ಅಪ್ಪ, ಅವ್ವ ಇಬ್ರೂ ಮೇನ್ ರೋಲ್. ಡೈಲಾಗ್ ಏನಿದ್ರೂ ನಮ್ಮ ಬಾಯಿಂದ, ಅಂದ್ರ ನನ್ನ ಬಾಯಿಂದ, ಇಲ್ಲಾ ತಂಗಿ ದಾನೇಶ್ವರಿ ಬಾಯಿಂದ.

"ದಾನಿ, ನಿಮ್ಮಪ್ಪಗ ಹೇಳು, ರೊಟ್ಟಿ ಬುಟ್ಟ್ಯಾಗ ಅದಾವ."

ಅಪ್ಪ ಎರಡು ಮಾರು ದೂರದಾಗ ಕುಂತಿರತಿದ್ದ. "ಪರಶು, ನಿಮ್ಮವ್ವಗ ಹೇಳು, ನಂಗ ಹಸಿವಿಲ್ಲ."

ನಾ ಟಿವಿ ಸುದ್ದಿಯವರ ಗತೆ ಎದ್ದು ನಿಂತು, "ಈಗಷ್ಟೇ ಬಂದ ಸುದ್ದಿ. ರಾವಸಾಬ ಅವರಿಗೆ ಹಸಿವಿಲ್ಲ," ಅಂತಿದ್ನಿ. ಮೊದಲನೇ ವಾರ ದಾನಿ ನಕ್ಕಳು. ಆಮ್ಯಾಲ ಯಾರೂ ನಗಲಿಲ್ಲ. ನನಗೂ ನಗು ಬರಲಿಲ್ಲ. ಯಾಕಂದ್ರ ಈ ಸಿನೆಮಾದಾಗ ವಿಲನ್ ನಾನ ಇದ್ನಿ. ಅದು ನನಗೊಬ್ಬಗ ಗೊತ್ತಿತ್ತು.

ಆಗಿದ್ದು ಇಷ್ಟು. ನಮ್ಮ ಕಡೆ ಪಂಚಮಿಗೆ ಅಣ್ಣ ಬಂದು ತಂಗಿನ ತವರಿಗೆ ಕರಕೊಂಡು ಹೋಗತಾನ. ಆದ್ರ ಸೀದಾ ಬಂದು ಕರಕೊಂಡು ಹೋಗೂದಲ್ಲ. ಮೊದಲ ತಂಗಿ ಗಂಡನ್ನ ಒಂದು ಮಾತು ಕೇಳಬೇಕು, ಅದು ರಿವಾಜು. ಅದಕ್ಕ ಪಂಚಮಿ ಹಿಂದಿನ ದಿನ ಹೊರ್ತಿಯಿಂದ ಮುತ್ತುರಾಜ ಮಾಮಾ ಅವ್ವನ ಫೋನಿಗೆ ಹಚ್ಚಲಿಲ್ಲ, ಅಪ್ಪನ ಫೋನಿಗೆ ಹಚ್ಚಿದ. ಅಪ್ಪ ಬಚ್ಚಲದಾಗ ಜಳಕಾ ಮಾಡಾಕತ್ತಿದ್ದ. ಫೋನು ಚಾರ್ಜಿಗಿತ್ತು. ಅದರ ಬಾಜೂಕ ನಾ ಇದ್ನಿ.

ನಂಗ ಎಲ್ಲಾರ ದನಿ ಬರ್ತಾವ. ಸಾಲ್ಯಾಗ ಇದ್ದಾಗ ಹೆಡ್ ಮಾಸ್ತರ ದನಿಲೆ ಸಿಪಾಯಿಗೆ ಹೇಳಿ ಅರ್ಧಾ ತಾಸು ಮೊದಲ ಗಂಟಿ ಬಾರಿಸಿದಾಂವ ನಾ. ಅಪ್ಪನ ದನಿ ಅಂತೂ ಭಾಳ ಸರಳ. ಮೊದಲ ಒಂದು ಕೆಮ್ಮು, ಆಮ್ಯಾಲ "ನೋಡ್ರಿ ಈಗ", ಆಮ್ಯಾಲ ಮಾತು.

"ರಾವಸಾಬ್ರ, ನಾಳೆ ತಂಗಿನ ಕರಿಯಾಕ ಬರ್ಲೇನ್ರಿ?" ಅಂದ ಮಾಮಾ.

ನಾ ಕೆಮ್ಮಿದ್ನಿ. "ನೋಡ್ರಿ ಈಗ. ಈ ವರ್ಷ ಕರಿಯಾಕ ಬರಬ್ಯಾಡ್ರಿ. ನಿಮ್ಮ ಮನಿ ಉಂಡಿ ತಿಂದು ನಮ್ಮ ಮಂದಿ ಹಲ್ಲು ಅಲ್ಲಾಡಾಕತ್ತಾವ. ನಮ್ಮ ಮನ್ಯಾಗೂ ಉಂಡಿ ಅದಾವ."

ನಾ ವಿಲನ್ ಗತೆ ಇನ್ನೊಂದಿಷ್ಟು ಉಸರು ಬಿಟ್ನಿ. ಮಾಮಾ ನಕ್ಕು "ಲೇ ಪರಶ್ಯಾ" ಅಂತಾನ ಅಂತ ಹಾದಿ ನೋಡಾಕತ್ತಿದ್ನಿ. "ಆತ್ರಿ," ಅಂದ ಮಾಮಾ, ಫೋನು ಇಟ್ಟ. ತಿರುಗಿ ಹಚ್ಚಿದ್ರ ಸ್ವಿಚ್ ಆಫ್. ಅಷ್ಟರಾಗ ಗೆಳ್ಯಾರು ಜೋಕಾಲಿ ಕಟ್ಟಾಕ ಕರದ್ರು, ಓಡಿದ್ನಿ.

ಮರುದಿನ ಅವ್ವ ಮುಂಜಾನೆ ಎಂಟಕ್ಕ ಇಳಕಲ್ ಸೀರಿ ಉಟ್ಟು, ಬ್ಯಾಗ್ ಬಾಗಲದಾಗ ಇಟ್ಟು ಕುಂತ್ಲು. ಇಂಡಿ ಬಸ್ ಬಂದ್ವು, ಹೋದ್ವು. ನಾಕು ಗಂಟೆಗೆ ತಾನ ಅಣ್ಣಗ ಫೋನು ಹಚ್ಚಿದ್ಲು. ಮಾತಾಡಿ ಮುಗಿಸಿ ಒಳಗ ಬಂದು ಅಪ್ಪನ ಫೋನು ತಗೊಂಡು ನೋಡಿದ್ಲು. ಮುತ್ತುರಾಜ, ಒಂದು ನಿಮಿಷ ಐದು ಸೆಕೆಂಡು. ಅದನ್ನ ಅಳಿಸೂ ಬುದ್ಧಿ ನಂಗ ಬಂದಿರಲಿಲ್ಲ.

"ನಾ ಮಾತಾಡಿಲ್ಲ," ಅಂದ ಅಪ್ಪ.

"ಇಲ್ಲಿ ಐತ್ರಿ. ನಿನ್ನಿ, ಹತ್ತೂವರಿ."

"ಏನರ ಇರಲಿ, ನಾ ಮಾತಾಡಿಲ್ಲ."

"ಹಂಗಾರ ನಮ್ಮಣ್ಣ ಸುಳ್ಳ ಹೇಳತಾನೇನು?"

"ಹೇಳತಿರಬೇಕು."

ಅಷ್ಟ. ಆ ಒಂದು ಮಾತಿಗೆ ಮನಿ ಎರಡಾತು. ನಾ ಪಡಸಾಲಿ ಬಾಗಲದ ಹಿಂದ ನಿಂತಿದ್ನಿ. ಹತ್ತೂವರಿಗೆ ನಾ ಜೋಕಾಲಿ ಕಟ್ಟಾಕ ಹೋಗಿದ್ನಿ ಅಂತ ಎಲ್ಲಾರೂ ತಿಳದಿದ್ರು, ನನ್ನ ಮ್ಯಾಲ ಯಾರಿಗೂ ಸಂಶೆ ಬರಲಿಲ್ಲ. ಅವತ್ತ ಹೇಳಿದ್ರ ನಾಕು ಏಟು ಬೀಳತಿದ್ವು, ರಾತ್ರಿ ಊಟಕ್ಕ ಎಲ್ಲಾರೂ ನಗತಿದ್ರು. ನಾಳೆ ಹೇಳಿದ್ರಾತು ಅಂದ್ಕೊಂಡ್ನಿ. ಹಂಗ ಹನ್ನೊಂದು ನಾಳೆ ಹೋದ್ವು. ಹನ್ನೆರಡನೇ ದಿನ ಹೊರ್ತಿ ಆಯಿ, ಅವ್ವನ ಅವ್ವ ಸಿದ್ದಲಿಂಗವ್ವ, ತೀರಕೊಂಡ್ಲು.

ಪಂಚಮಿ ದಿನ ಆಯಿ ಸಂಜಿ ತನಕ ಬಸ್ಸಿನ ಸಪ್ಪಳ ಕೇಳಿದಾಗೊಮ್ಮೆ ಎದ್ದು ಕೂಡತಿದ್ಲಂತ. ಆಕಿ ಮಣ್ಣಿಗೆ ಹೋದಾಗ ಯಾರೋ ಹಂಗ ಅಂದ್ರು. ಅವ್ವ ಅಳೂದು ನಿಲ್ಲಿಸಿ ಅಪ್ಪನ ಮಾರಿ ನೋಡಿದ್ಲು. ಆ ನೋಟ ನಂಗ ಬೀಳಬೇಕಾಗಿತ್ತು. ಆಮ್ಯಾಲ ನಾ ಹೆಂಗ ಹೇಳಲಿ? ಚ್ಯಾಷ್ಟಿ ಮಾಡಿದ್ನಿ ಅಂತನ? ಯಾರ ಕೂಡ?

ಡಿಸೆಂಬರದಾಗ ಅವ್ವ ರೊಟ್ಟಿ ಮಾಡಕೋತ ಸಾವಕಾಶ ಹೇಳಿದ್ಲು. "ದಾನಿದು ಬಾಗೇವಾಡ್ಯಾಗ ಬೆಲ್ಟ್ ಪರೀಕ್ಷಾ ಐತಲ್ಲ, ಅದೊಂದು ಮುಗೀಲಿ. ಆಮ್ಯಾಲ ಆಕಿನ ಕರಕೊಂಡು ಹೊರ್ತಿಗೆ ಹೋಗತೇನಿ. ಇಲ್ಲಿಗಿ ಬರೂದಿಲ್ಲ."

"ನಾ?" ಅಂದ್ನಿ.

"ನೀ ದೊಡ್ಡಾಂವ ಆಗೀದಿ. ನಿಮ್ಮಪ್ಪಗ ಅನ್ನಾ ಯಾರು ಮಾಡಿ ಹಾಕಬೇಕು?"

ದಾನಿ ಹತ್ತನೇ ಕ್ಲಾಸು. ನಮ್ಮ ಸಿಂದಗಿಯಾಗ ಮಶಾಕಸಾಬ ಟೇಲರ ಅಂಗಡಿ ಮ್ಯಾಲ ಒಂದು ಹಾಲ್ ಐತಿ, ಅಲ್ಲಿ ಅವರ ಮಗಳು ಶಾಹಿಸ್ತಾ ಮೇಡಂ ಕರಾಟೆ ಕಲಸತಾರ. ಬ್ಲ್ಯಾಕ್ ಬೆಲ್ಟು, ಆದ್ರ ದನಿ ಏರಿಸಿ ಮಾತಾಡಿದ್ದು ನಾ ಕೇಳಿಲ್ಲ. ಅವರೇ ಒಂದಿನ ನಮ್ಮ ಮನಿಗೆ ಬಂದು ಕಟ್ಟಿ ಮ್ಯಾಲ ಕುಂತ್ರು.

"ಯಶೋಧಾ ಅಕ್ಕಾರ, ನಿಮ್ಮ ಹುಡುಗಿ ಒದಿಯಾಕ ಕಾಲು ಎತ್ತಿದ್ರ ಬೀಳತಾಳ. ಕಾಲಾಗ ಶಕ್ತಿ ಐತಿ, ನಿದ್ದಿ ಇಲ್ಲ. ರಾತ್ರೆಲ್ಲಾ ನೀವಿಬ್ರೂ ಮಾತಾಡ್ತೀರೇನು ಅಂತ ಕಿವಿ ಕೊಟ್ಟು ಮಲಗಿರತಾಳಂತ." ಅವ್ವ ಸೀರಿ ಸೆರಗು ಹಿಂಡಿದ್ಲು. ಮೇಡಂ ಅಪ್ಪನ ಕಡೆ ತಿರುಗಿದ್ರು. "ರವಿವಾರ ಮುಂಜಾನೆ ಮನಿ ಮಂದಿದು ಒಂದು ಬ್ಯಾಚ್ ಮಾಡೇನ್ರಿ ಅಣ್ಣಾರ. ನಾಕು ರವಿವಾರ ಬರ್ರಿ. ಮಾತಾಡಬ್ಯಾಡ್ರಿ ಬೇಕಾದ್ರ. ಆಕಿ ಸಂಗಾಟ ನಿಲ್ಲರಿ, ಸಾಕು."

ದಾನಿ ಸಲುವಾಗಿ ಇಬ್ರೂ ಹೂಂ ಅಂದ್ರು. ನಾ ಮನಸ್ಸಿನಾಗ ಪೂರಾ ಸಿನೆಮಾ ತೆಗದ್ನಿ. ಕೈಗೆ ಕೈ ತಾಗತೈತಿ, ಹಿಂದ ವಯಲಿನ್ನು ಬಾರಸತೈತಿ, ಕಣ್ಣಾಗ ನೀರು, ಶುಭಂ. ನಾ ಬಾಯಿ ಬಿಡೂದ ಬೇಕಾಗಿಲ್ಲ. ನನ್ನ ಹತ್ರ ಅದೊಂದ ಆಶಾ ಉಳದಿತ್ತು.

ಮಶಾಕಸಾಬ ಕಾಕಾ ನಾಕೂ ಮಂದಿಗೆ ಬಿಳಿ ಡ್ರೆಸ್ ಹೊಲದ. ಅಪ್ಪಂದು ಮೊಣಕಾಲಿಂದ ಗೇಣು ಕೆಳಗ ಮುಗೀತಿತ್ತು. ಅಪ್ಪಂದು ಬೋರಿನ ಮೋಟರ ರಿವೈಂಡಿಂಗ ಅಂಗಡಿ. ಮೊದಲನೇ ರವಿವಾರ ಓಣ್ಯಾಗ ಜೈನುದ್ದೀನ ಕಾಕಾ ಚಾದ ಬಶಿ ಹಿಡದು ನಿಂತಿದ್ದ.

"ಏನ್ರಿ ರಾವಸಾಬ್ರ, ಮೋಟರ ಬಿಟ್ಟು ಮಂದಿಗೆ ವೈಂಡಿಂಗ ಮಾಡಾಕ ಹೊಂಟ್ರೇನು?"

"ಹೌದ್ರಿ. ಮುದ್ದೇಬಿಹಾಳದಾಗ ಕುಸ್ತಿ ಐತಿ. ಬರ್ರಿ, ಬಿದ್ದಾವರನ್ನ ಎತ್ತಾಕ ಒಬ್ರು ಬೇಕು."

ಅವ್ವ ಆ ಕಡೆ ಮಾರಿ ತಿರುಗಿಸಿದ್ಲು. ನಗಾಕ ತುಟಿ ಅಲ್ಲಾಡಿದ್ದು ನಾ ನೋಡಿದ್ನಿ.

ಖರೇ ಹೇಳತೇನಿ, ಮೂರು ರವಿವಾರದಾಗ ಮನ್ಯಾಗ ಒಂದಿಷ್ಟು ಫರಕ್ ಬಿತ್ತು. ಅಪ್ಪ ಗುಟಕಾ ಕಡಿಮಿ ಮಾಡಿದ, ದಮ್ಮು ಹತ್ತತೈತಿ ಅಂತ. ಅವ್ವಗ ರಾತ್ರಿ ನಿದ್ದಿ ಬರಾಕತ್ತು. ದಾನಿ ಒಂದ ಕಾಲ ಮ್ಯಾಲ ಇಪ್ಪತ್ತು ಎಣಿಸೂ ತನಕ ನಿಂತ್ಲು. ಕ್ಲಾಸ್ ಮುಗದ ಮ್ಯಾಲ ಹಸಿವಿಗೆ ನಾಕೂ ಮಂದಿ ಒಂದ ಟೈಮಿಗೆ ಉಪ್ಪಿಟ್ಟಿಗೆ ಕೂಡತಿದ್ವಿ. ನಾಕು ತಿಂಗಳಿಂದ ಹಂಗ ಕುಂತಿದ್ದಿಲ್ಲ. ಆದ್ರ ಮಾತು ಮಾತ್ರ ಇಲ್ಲ. "ದಾನಿ, ನಿಮ್ಮಪ್ಪಗ ಕೇಳು, ಉಪ್ಪು ಸಾಕೇನು." ಅವ್ವ ಅಟ್ಟದ ಮ್ಯಾಲಿಂದ ಟ್ರಂಕು ಇಳಿಸಿಟ್ಟಿದ್ಲು. ದಿನಾ ಒಂದೆರಡು ಸೀರಿ ಅದರಾಗ ಹೋಗತಿದ್ವು.

ನಾಕನೇ ರವಿವಾರ. ಮುಂದಿನ ವಾರ ಪರೀಕ್ಷಾ. ಮೇಡಂ ಜೋಡಿ ಮಾಡಿದ್ರು. ಒಬ್ರು ಹೊಡಿಯೂದು, ಇನ್ನೊಬ್ರು ಮೊಣಕೈ ಅಡ್ಡ ಕೊಡೂದು. ಅವರ ಹಂತ್ಯಾಕ ಒಂದು ರೂಲ್ ಇತ್ತು: ಅಂಪೈರ್ ಇಲ್ಲ. ಏಟು ಯಾರಿಗೆ ತಾಗತೈತೋ ಅವರ "ಬಿತ್ತು" ಅನ್ನಬೇಕು. ತಾಗಿಯೂ ಅನ್ನಲಿಲ್ಲಂದ್ರ ಹೊಡದಾವರು ಏನೂ ಕೇಳಬಾರದು, ಆಟ ಮುಂದ ಹೋಗಬೇಕು. ದಾನಿ ಕೂಡ ಆಡಿದಾಗ ನನಗ ನೂರು ಬಿದ್ದಿರಬೇಕು. ಒಂದೂ ಅಂದಿದ್ದಿಲ್ಲ.

ಅಪ್ಪ ಅವ್ವ ಎದರಾ ಎದರು ನಿಂತ್ರು. ಬಗ್ಗಿ ನಮಸ್ಕಾರ ಮಾಡಿದ್ರು. ಅವ್ವ ಹೊಡದ್ಲು. ಅಪ್ಪ ಅಡ್ಡ ಕೊಡೂದ್ರಾಗ ಎದಿಗೆ ತಾಗಿತು.

"ಬಿತ್ತು," ಅಂದ ಅಪ್ಪ.

ಮತ್ತೊಂದು. ಇದು ಬರೇ ಅಂಗಿ ಸವರಿತ್ತು, ಯಾರಿಗೂ ಕಾಣಲಿಲ್ಲ.

"ಬಿತ್ತು," ಅಂದ.

ಅವ್ವ ಮುಷ್ಟಿ ಇಳಿಸಿದ್ಲು. ನಾಕು ತಿಂಗಳ ಮ್ಯಾಲ ಸೀದಾ ಅಪ್ಪನ ಕೂಡ ಮಾತಾಡಿದ್ಲು. "ತಾಗದಿದ್ದನ್ನೂ ಒಪ್ಪತೀರಿ. ಆ ಫೋನಿನ ಮಾತೊಂದನ್ನ ಯಾಕ ಒಪ್ಪಲಿಲ್ರಿ? ಒಪ್ಪಿದ್ರ ನಾ ಅತ್ತು ಸುಮ್ನ ಆಗತಿದ್ನಿ."

"ಮಾಡಿದ್ರ ಒಪ್ಪತಿದ್ನಿ."

"ಹಂಗಾರ ನಮ್ಮಣ್ಣ ಸುಳ್ಳ. ನಮ್ಮವ್ವ ಸತ್ತಿದ್ದೂ ಅವನ ಸುಳ್ಳಿನಾಗ." ಅವ್ವ ಒಂದು ಹೆಜ್ಜಿ ಮುಂದ ಬಂದ್ಲು. "ಇಬ್ರಾಗ ಒಬ್ಬರನ್ನ ಬಿಡಬೇಕಲ್ರಿ ನಾ. ಯಾರನ್ನ ಬಿಡಲಿ, ನೀವ ಹೇಳ್ರಿ."

ಅಪ್ಪಗ ಗೊತ್ತಿದ್ರ ಅಲ್ಲ ಹೇಳಾಕ.

ನಾ ಒಂದು ಡೈಲಾಗ್ ಹುಡುಕಿದ್ನಿ. ತೆಲಿ ತುಂಬ ಡೈಲಾಗ್ ತುಂಬಕೊಂಡಿದ್ನಿ, ಒಂದೂ ಬರಲಿಲ್ಲ. "ಇಬ್ರೂ ಖರೇ ಹೇಳ್ಯಾರ," ಅಂದ್ನಿ. "ಫೋನು ಎತ್ತಿದಾಂವ ನಾ."

"ಏ ಸುಮ್ನಿರೋ," ಅಂದ್ಲು ದಾನಿ. "ಇದಕ್ಕೂ ನಾಟಕ ಮಾಡಬ್ಯಾಡ."

ಯಾರೂ ನಂಬಲಿಲ್ಲ. ಹತ್ತೊಂಬತ್ತು ವರ್ಷ ಬರೇ ಚ್ಯಾಷ್ಟಿ ಮಾಡಿದಾವನ ಮಾತು ಯಾರು ನಂಬತಾರ? ಅದಕ್ಕ ಕಣ್ಣು ಮುಚ್ಚಿದ್ನಿ, ಕೆಮ್ಮಿದ್ನಿ. "ನೋಡ್ರಿ ಈಗ. ಈ ವರ್ಷ ಕರಿಯಾಕ ಬರಬ್ಯಾಡ್ರಿ. ನಿಮ್ಮ ಮನಿ ಉಂಡಿ ತಿಂದು..."

"ಸಾಕು," ಅಂದ್ಲು ಅವ್ವ.

ಕಣ್ಣು ತೆಗದಾಗ ಆಕಿ ಚಾಪಿ ಮ್ಯಾಲ ಕುಂತಿದ್ಲು. ಅಪ್ಪ ನನ್ನ ಕಡೆ ಎರಡು ಹೆಜ್ಜಿ ಬಂದ, ನಿಂತ. "ನೋಡ್ರಿ..." ಅಂದ. ಆ ದಿನದಿಂದ ಅಪ್ಪ ಆ ಶಬ್ದಾ ಬಿಟ್ಟಾನ. ಅದನ್ನೂ ನಾ ಕಸಗೊಂಡ್ನಿ.

ಅವ್ವ ಅಲ್ಲೇ ಕುಂತು ಮಾಮಾಗ ಫೋನು ಹಚ್ಚಿದ್ಲು. ಸ್ಪೀಕರ್ ಇಟ್ಟು ನನ್ನ ಮುಂದ ಹಿಡದ್ಲು. ಮಾತಾಡು ಅಂತ ಅನ್ನಲಿಲ್ಲ. ಮೇಡಂ ದಾನಿ ಹೆಗಲ ಮ್ಯಾಲ ಕೈ ಇಟ್ಟು ಕಿಡಕಿ ಕಡೆ ಕರಕೊಂಡು ಹೋದ್ರು.

ನಾ ಎಲ್ಲಾ ಹೇಳಿದ್ನಿ. ಆ ಕಡೆ ಒಂದು ಟ್ರ್ಯಾಕ್ಟರ ಸಪ್ಪಳ ಕೇಳತಿತ್ತು.

"ನಿಮ್ಮ ಆಯಿ ಒಂದ ಕೇಳತಿದ್ಲು," ಅಂದ ಮಾಮಾ ಕಡೀಕ. "ಹನ್ನೆರಡು ದಿನ ಅದ ಕೇಳಿದ್ಲು. ಅಳಿಯಾಗ ನಾವೇನು ಕಡಿಮಿ ಮಾಡೇವಿ ಅಂತ. ನಾ ಏನಂತ ಹೇಳಲಿ? ನಿದ್ದಿ ಮಾಡವ್ವ ಅಂತಿದ್ನಿ." ಟ್ರ್ಯಾಕ್ಟರ ಬಂದ್ ಮಾಡಿದ. "ರಾವಸಾಬ್ರಿಗೆ ಕೊಡು ಫೋನು."

ಅಪ್ಪ ಫೋನು ತಗೊಂಡು ಹೊರಗ ಹೋದ. ಏನು ಮಾತಾಡಿದ್ರೋ ನಂಗ ಗೊತ್ತಿಲ್ಲ. ತಿರುಗಿ ಬಂದಾಗ ಇಬ್ಬರ ಕಣ್ಣೂ ಕೆಂಪಾಗಿದ್ವು, ಅವ್ವಂದೂ ಅಂವಂದೂ.

ಅವತ್ತ ಸಂಜಿ ಅವ್ವ ಒಲಿ ಮುಂದಿಂದ ಕೇಳಿದ್ಲು, "ಚಾ ಮಾಡ್ಲೇನ್ರಿ?" ಅಪ್ಪ, "ಮಾಡು. ಸಕ್ರಿ ಕಡಿಮಿ," ಅಂದ. ನಡಕ ಯಾರೂ ಬೇಕಾಗಲಿಲ್ಲ. ಟ್ರಂಕು ಅಟ್ಟಕ್ಕ ಹೋತು. ಸಿನೆಮಾ ಆಗಿದ್ರ ಇಲ್ಲಿಗೆ ಮಂದಿ ಚಪ್ಪಲಿ ಹಾಕ್ಕೊಂಡು ಏಳತಿದ್ರು.

ಆದ್ರ ಅವ್ವ ನನ್ನ ಕೂಡ ಮಾತಾಡಲಿಲ್ಲ. "ಪರಶುಗ ಹೇಳು" ಅಂತನೂ ಅನ್ನಲಿಲ್ಲ. ನನ್ನ ತಾಟು ನನ್ನ ಮುಂದ ಇಡತಿದ್ಲು, ಒಳಗ ಹೋಗತಿದ್ಲು. ಬೈದಿದ್ರ ಛಲೋ ಇತ್ತು. ನಾ ಓಣಿ ಮಂದಿ ದನಿ, ಕಂಡಕ್ಟರ ದನಿ, ಎಲ್ಲಾ ಬಿಟ್ನಿ. ಮಾತಾಡಾಕ ಹೋದ್ರ ಗಂಟಲದಾಗ ಅಪ್ಪನ ಕೆಮ್ಮು ಬರತಿತ್ತು, ಬಾಯಿ ಮುಚ್ಚತಿದ್ನಿ. ಬಾಗೇವಾಡ್ಯಾಗ ದಾನಿ ಪಾಸಾದ್ಲು. ಅಪ್ಪ ಅವ್ವ ಮುಂದಿನ ಸಾಲಿನ್ಯಾಗ ಕುಂತು ಚಪ್ಪಾಳಿ ಹೊಡದ್ರು. ನಾ ಹಿಂದ ನೀರಿನ ಕ್ಯಾನಿನ ಹಂತ್ಯಾಕ ನಿಂತಿದ್ನಿ. ಬರೂವಾಗ ಬಸ್ಸಿನಾಗ ಮೂರರ ಸೀಟಿನಾಗ ಮೂರು ಮಂದಿ ಕುಂತ್ರು.

ಮೇಡಂ ಹೇಳಿದ ನಾಕು ರವಿವಾರ ಮುಗದ್ರೂ ಮನ್ಯಾಗ ಕ್ಲಾಸು ಬಿಟ್ಟಿದ್ದಿಲ್ಲ. ಪರೀಕ್ಷಾದ ಮುಂದಿನ ರವಿವಾರ ನಾ ಕ್ಲಾಸಿಗೆ ಹೋಗೂದು ಬ್ಯಾಡ ಅಂದ್ಕೊಂಡಿದ್ನಿ. ಆದ್ರ ಅವ್ವ ನಾಕೂ ಮಂದಿ ಡ್ರೆಸ್ ಇಸ್ತ್ರಿ ಮಾಡಿ ಇಟ್ಟಿದ್ಲು. ನಂದೂ ಇತ್ತು. ಹಾಕ್ಕೊಂಡು ಹೋಗಿ ಮೂಲ್ಯಾಗ ನಿಂತ್ನಿ.

ಮೇಡಂ ಜೋಡಿ ಮಾಡ್ಕೋರಿ ಅಂದ್ರು. ದಾನಿ ಅಪ್ಪನ ಕಡೆ ಹೊಂಟ್ಲು. ಅವ್ವ ಹಾಲ್ ದಾಟಿ ಬಂದು ನನ್ನ ಎದರಿಗೆ ನಿಂತ್ಲು. ಬಗ್ಗಿದ್ಲು. ನಾನೂ ಬಗ್ಗಿದ್ನಿ, ಏಳಾಕ ಮನಸ್ಸಾಗಲಿಲ್ಲ.

ಹೊಡದ್ಲು. ನಾ ಕೈ ಎತ್ತಲಿಲ್ಲ. ಎದಿ ನಡಕ ಬಿತ್ತು. ಇನ್ನೊಂದು ಹೊಡದ್ಲು. ಹೊಡೀಲಿ ಅಂತ ಕೈ ಎರಡೂ ಕೆಳಗ ಬಿಟ್ಟು ನಿಂತ್ನಿ. ಮೂರನೇದಕ್ಕ ದಮ್ಮು ಹೋತು, ಕಣ್ಣಾಗ ನೀರು ಬಂತು. ಖರೇ ಅಂದ್ರ ಹಗುರ ಅನಸಾಕತ್ತಿತ್ತು. ಇನ್ನೊಂದು ನೂರು ಹೊಡದ್ರ ಎಲ್ಲಾ ತೀರತೈತಿ ಅನಸಾಕತ್ತಿತ್ತು.

ಅವ್ವ ಮುಷ್ಟಿ ಇಳಿಸಿದ್ಲು.

"ಕೈ ಅಡ್ಡ ಕೊಡು," ಅಂದ್ಲು.

ಹದಿನಾಕು ದಿನದ ಮ್ಯಾಲ ಮೊದಲನೇ ಮಾತು.

"ಹೊಡಸ್ಕೊಂಡು ನಿಂತ್ರ ಮುಗೀತು ಅಂದ್ಕೊಂಡೀದೇನು? ಮುಗಿಯೂದಿಲ್ಲ. ನನ್ನ ಕಡೆ ನೋಡು. ನಾ ಹೊಡಿತೇನಿ, ನೀ ಅಡ್ಡ ಕೊಡು. ಬರೂ ರವಿವಾರಾನೂ ಬಾ."

ನಾ ಕೈ ಎತ್ತಿದ್ನಿ. ಅವ್ವ ಒಂದು ಹೆಜ್ಜಿ ಹಿಂದ ಸರದು, ಉಸರು ತಗೊಂಡು ಹೊಡದ್ಲು. ರೊಟ್ಟಿ ಬಡಿಯೂ ಕೈ ಅದು, ಎಲುವಿನ ತನಕ ಮುಟ್ಟಿತು. ಈ ಸಲ ಅಡ್ಡ ಕೊಟ್ಟಿದ್ನಿ. ಆಕಿ ಕಾಲು ಸರಿ ಮಾಡ್ಕೊಂಡು ಮತ್ತೊಂದು ಹೊಡದ್ಲು.