ಕೂತವರ ಅಳತೆ

ಮೂವತ್ತು ವರ್ಷ ಊರವರಿಗೆಲ್ಲ ಬಟ್ಟೆ ಹೊಲಿದ ಟೈಲರನಿಗೆ, ಸ್ವಂತ ಮಗಳ ಪ್ಯಾಂಟಿನಲ್ಲೇ ಎಡವುತ್ತೇನೆಂದು ಕನಸಿನಲ್ಲೂ ಅನಿಸಿರಲಿಲ್ಲ.

ಮಗಳಿಗೆ ಹದಿಮೂರು, ಮನೆಯವರಿಗೆಲ್ಲ ಅವಳು ಗುಬ್ಬಿ. ಶಾಲೆಯ ಮೆಟ್ಟಿಲಿನಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾಗಿತ್ತು. ಸೊಂಟದ ಕೆಳಗೆ ಕಾಲಾಡದು, ಮುಟ್ಟಿದರೂ ತಿಳಿಯದು. ಮಕ್ಕಳ ಪುನಶ್ಚೇತನ ಕೇಂದ್ರಕ್ಕೆ ಸೇರಿದ ಆರನೇ ವಾರ, ಬೆಳಗ್ಗೆ ಅವಳ ಮೈ ಪರೀಕ್ಷಿಸಿದ ಹಿರಿಯ ಸಿಸ್ಟರ್ ಹುಬ್ಬು ಗಂಟಿಕ್ಕಿಕೊಂಡೇ ಹೊರಬಂದರು.

"ಕೂರೋ ಜಾಗದಲ್ಲಿ ಕೆಂಪು ಕಲೆ ಬಿದ್ದಿದೆ ಅಣ್ಣ. ಹಿಂದಿನ ಜೇಬಿನ ಗುಂಡಿ ಒತ್ತಿರೋದು. ನಾವಾದ್ರೆ ಚುಚ್ಚಿದ ತಕ್ಷಣ ಸರಿದು ಕೂರ್ತೀವಿ. ಇವಳಿಗೆ ಗೊತ್ತೇ ಆಗಲ್ಲ. ಹೀಗೇ ಬಿಟ್ರೆ ಹುಣ್ಣಾಗುತ್ತೆ."

ಟೈಲರನಿಗೆ ಭೂಮಿ ಬಾಯಿಬಿಡಬಾರದೇ ಅನಿಸಿತು. "ನಾನೇ ಹೊಲಿದದ್ದು ಸಿಸ್ಟರ್. ಚೆನ್ನಾಗಿ ಕಾಣ್ಲಿ ಅಂತ..."

"ನೀವೇನಾ? ಒಳ್ಳೇದೇ ಆಯ್ತು! ಕೂತೇ ಇರೋ ಮಕ್ಕಳಿಗೆ ಬೇರೆ ಥರ ಹೊಲೀರಿ ಅಂತ ಅಂಗಡಿಯವರಿಗೆ ಹೇಳಿ ಹೇಳಿ ನನ್ನ ಗಂಟಲು ಒಣಗಿದೆ. ಟೇಪು ತನ್ನಿ."

ಕಲೆ ಮಾಯುವವರೆಗೆ ಗುಬ್ಬಿ ಮಗ್ಗುಲಾಗಿಯೇ ಮಲಗಿದಳು. ಆಮೇಲೆ ಗಾಲಿಕುರ್ಚಿಯ ಮುಂದೆ ಅವನು ಮಂಡಿಯೂರಿ ಅಳತೆ ತೆಗೆದ. ಅಷ್ಟು ವರ್ಷವೂ ನಿಂತವರನ್ನೇ ಅಳೆದಿದ್ದವನು! ಕೂತಾಗ ಹಿಂದೆ ಬಟ್ಟೆ ಸಾಲದೆ ಜಾರುತ್ತದೆ, ಮುಂದೆ ಹೆಚ್ಚಾಗಿ ಮುದುಡುತ್ತದೆ. ಹಿಂದೆ ಎತ್ತರಿಸಿ, ಮುಂದೆ ತಗ್ಗಿಸಿದ. ಜೇಬು ತೊಡೆಯ ಮೇಲೆ ಬಂತು. ಕೂರುವ ಜಾಗಕ್ಕೆ ಹೊಲಿಗೆಯೇ ಬಾರದಂತೆ ಒಂದೇ ತುಂಡು ಬಟ್ಟೆ ಇಟ್ಟ. ಪ್ಯಾಂಟನ್ನು ಹಿಡಿದು ಮೇಲೆಳೆದುಕೊಳ್ಳಲು ಸೊಂಟದ ಎರಡೂ ಬದಿಗೆ ಪಟ್ಟಿ.

ಹೊಸ ಪ್ಯಾಂಟು ಹಾಕಿಕೊಳ್ಳುವ ದಿನ ಸಿಸ್ಟರ್ ಮಂಚದ ಸುತ್ತ ಪರದೆ ಎಳೆದು ತಾವೂ ಈಚೆ ಬಂದರು. ಒಳಗೆ ಮಂಚ ಕಿರುಗುಟ್ಟಿದಾಗಲೆಲ್ಲ ಅವನ ಜೀವ ಬಾಯಿಗೆ ಬರುತ್ತಿತ್ತು.

"ಅವಳಮ್ಮನನ್ನಾದ್ರೂ ಕರೀಲಾ?"

"ಯಾರೂ ಬೇಡ. ನಾನೇ ಕಲಿಸಿದೀನಿ, ಅವಳಿಗೆ ಬರುತ್ತೆ."

"ಅಪ್ಪಾ," ಒಳಗಿನಿಂದ ಗುಬ್ಬಿ ಕೂಗಿದಳು, "ಹೋಗಿ ಕಾಫಿ ಕುಡಿ. ನೀನು ನಿಟ್ಟುಸಿರು ಬಿಡೋದು ಇಲ್ಲೀವರೆಗೂ ಕೇಳಿಸ್ತಿದೆ!"

ನಲವತ್ತು ನಿಮಿಷವಾದ ಮೇಲೆ ಪರದೆ ಸರಿಯಿತು. ಬೆವರಿಗೆ ಅವಳ ಕೂದಲು ಹಣೆಗೆ ಅಂಟಿತ್ತು. "ಒಬ್ಬಳೇ ಹಾಕ್ಕೊಂಡೆ," ಎಂದಳು. ಅವನ ಹೊಟ್ಟೆಗೆ ಹಾಲೆರೆದಂತಾಯಿತು. ಸಿಸ್ಟರ್ ಕಡೆ ತಿರುಗಿದ. ಕೈ ಮುಗಿದ.

"ಕೈ ಮುಗಿದ್ರೆ ಬಿಡೋಳಲ್ಲ ನಾನು," ಎಂದರು ಅವರು, ಕಣ್ಣು ಒರೆಸಿಕೊಳ್ಳುತ್ತ. "ಪಕ್ಕದ ಮಂಚದವಳು ಬೆಳಗ್ಗೆಯಿಂದ 'ನಂಗೂ' ಅಂತಿದಾಳೆ. ಅಳತೆ ತಗೊಳ್ಳಿ."

ಗುಬ್ಬಿ ಈಗ ಶಾಲೆಗೆ ಹೋಗುತ್ತಾಳೆ. ಅಂಗಡಿಯ ರಜೆಯ ದಿನ ಅಪ್ಪ ಮಗಳು ತಪ್ಪದೆ ಕೇಂದ್ರಕ್ಕೆ ಬರುತ್ತಾರೆ. ಅವನು ಅಳತೆ ತೆಗೆಯುತ್ತಿದ್ದರೆ ಅವಳು ಹೊಸ ಮಕ್ಕಳಿಗೆ ಪಟ್ಟಿ ಹಿಡಿಯುವ ಉಪಾಯ ಹೇಳಿಕೊಡುತ್ತಾಳೆ, ಥೇಟ್ ಮೇಷ್ಟ್ರ ಹಾಗೆ. ಸಿಸ್ಟರ್ ಬಾಗಿಲಲ್ಲಿ ನಿಂತು, "ಇವಳು ನನ್ನ ಕೆಲಸಕ್ಕೇ ಕುತ್ತು ತಂದ್ಲು," ಎಂದು ನಗುತ್ತಾರೆ.